ಕಪಾಲತಳದ ರಚನಾವೈವಿಧ್ಯ ಮತ್ತು ಸಿ.ಟಿ. ಛೇದಚಿತ್ರಣ: ಹಾಸನ ಜಿಲ್ಲೆಯ ನೆಲೆಯಿಂದ ಒಂದು ವಿವೇಚನೆ

ಮಾನವನ ತಲೆಬುರುಡೆ ಎಂದೊಡನೆ ಕಣ್ಮುಂದೆ ಬರುವುದು ಅದರ ಗುಮ್ಮಟದಂತಹ ಮೇಲ್ಭಾಗ ಮತ್ತು ಮುಖದ ಮೂಳೆಗಳು. ಮಿದುಳನ್ನು ಹೊತ್ತು ನಿಂತಿರುವ ತಳಭಾಗವಾದರೋ ಕಣ್ಣಿಗೂ ಬೆರಳಿಗೂ ಎಟುಕದೆ ಮೂಗು, ಗಂಟಲು ಮತ್ತು ಕಿವಿಗಳ ಹಿಂದೆ ಅಡಗಿದೆ. ವೈದ್ಯಶಾಸ್ತ್ರದ ದೃಷ್ಟಿಯಿಂದ ಅತ್ಯಂತ ಜಟಿಲವಾದ ಭಾಗ ಇದೇ. ಮಿದುಳಿಗೆ ರಕ್ತವನ್ನು ಒಯ್ಯುವ ಅಪಧಮನಿಗಳು, ಅಲ್ಲಿಂದ ರಕ್ತವನ್ನು ಇಳಿಸುವ ಅಭಿಧಮನಿಗಳು, ಕಪಾಲದ ಹನ್ನೆರಡು ಜೋಡಿ ನರಗಳು ಹಾಗೂ ಮಿದುಳುಬಳ್ಳಿ, ಇವೆಲ್ಲವೂ ಈ ತಳದ ರಂಧ್ರ, ಸೀಳು ಮತ್ತು ನಾಲೆಗಳ ಮೂಲಕವೇ ಹಾದುಹೋಗಬೇಕು. ಮಹಾರಂಧ್ರವನ್ನು ಬಿಟ್ಟರೆ ಈ ದಾರಿಗಳಲ್ಲಿ ಹೆಚ್ಚಿನವುಗಳ ಅಗಲ ಕೆಲವೇ ಮಿಲಿಮೀಟರು.

ಹಣೆಮೂಳೆಯ ಒಂದು ಭಾಗ, ಜರಡಿಯಂತಹ ಎಥ್ಮಾಯ್ಡ್, ನಡುವೆ ರೆಕ್ಕೆ ಹರಡಿದ ಸ್ಫೀನಾಯ್ಡ್, ಎರಡು ಶಂಖಾಸ್ಥಿಗಳು ಮತ್ತು ಹಿಂದಲೆಯ ಮೂಳೆ ಸೇರಿ ಕಪಾಲತಳವಾಗಿದೆ. ಸ್ಫೀನಾಯ್ಡ್ ಎಂಬ ಗ್ರೀಕ್ ಹೆಸರಿಗೆ ಬೆಣೆಯಂತಹುದು ಎಂದರ್ಥ. ಭಾರತೀಯ ಭಾಷೆಗಳಿಗೆ ಈ ಶಾಸ್ತ್ರವನ್ನು ತಂದವರು ಬೆಣೆಯನ್ನು ಬಿಟ್ಟು ಬಾವಲಿಯನ್ನು ಕಂಡು ಅದನ್ನು ಜತೂಕಾಸ್ಥಿ ಎಂದು ಕರೆದರು. ಮೂಳೆಯನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಎರಡನೆಯ ಹೆಸರೇ ಹೆಚ್ಚು ಒಪ್ಪುವಂತಹುದು.

ಈ ರಂಧ್ರಗಳು ಮೂಳೆಯನ್ನು ಕೊರೆದು ಆದವುಗಳಲ್ಲ. ಭ್ರೂಣದಲ್ಲಿ ನರಗಳು ಮತ್ತು ರಕ್ತನಾಳಗಳು ಮೊದಲು ತಮ್ಮ ದಾರಿಯನ್ನು ಹಿಡಿಯುತ್ತವೆ. ಆಮೇಲೆ ಮೃದ್ವಸ್ಥಿಯೂ ಮೂಳೆಯೂ ಅವುಗಳ ಸುತ್ತ ಬೆಳೆದು ಮುಚ್ಚಿಕೊಳ್ಳುತ್ತವೆ. ಎಲ್ಲಿ ಮುಚ್ಚಿಕೊಂಡಿತು, ಎಷ್ಟು ಮುಚ್ಚಿಕೊಂಡಿತು, ನಡುವೆ ಒಂದು ಅಡ್ಡಪಟ್ಟಿ ಬಂದಿತೋ ಇಲ್ಲವೋ ಎಂಬುದು ವ್ಯಕ್ತಿಯಿಂದ ವ್ಯಕ್ತಿಗೆ, ಒಬ್ಬನಲ್ಲಿಯೇ ಎಡಬದಿಯಿಂದ ಬಲಬದಿಗೆ ಬೇರೆಯಾಗುವುದು ಸಹಜ. ಸ್ಫೀನಾಯ್ಡಿನ ಒಳಗಿನ ಗಾಳಿಗೂಡು ಜನನದ ನಂತರ ಬೆಳೆಯತೊಡಗಿ ಹದಿಹರೆಯದ ಹೊತ್ತಿಗೆ ತನ್ನ ಪೂರ್ಣಾಕಾರಕ್ಕೆ ಸಮೀಪಿಸುತ್ತದೆ. ಅದು ಕೆಲವರಲ್ಲಿ ಪಿಟ್ಯುಟರಿ ಗ್ರಂಥಿಯ ಮುಂದೆಯೇ ನಿಲ್ಲುತ್ತದೆ, ಬಹುಮಂದಿಯಲ್ಲಿ ಗ್ರಂಥಿಯ ಕೆಳಗೆ ಚಾಚುತ್ತದೆ, ಅಪರೂಪಕ್ಕೆ ಬೆಳೆಯದೆ ಗಟ್ಟಿಮೂಳೆಯಾಗಿಯೇ ಉಳಿಯುತ್ತದೆ. ಇವು ರೋಗಗಳಲ್ಲ, ಆರೋಗ್ಯವಂತರಲ್ಲಿ ಕಾಣುವ ರಚನಾವೈವಿಧ್ಯಗಳು. ಉದಾಹರಣೆಗೆ, ಬಲಬದಿಯ ಜುಗುಲಾರ್ ರಂಧ್ರವು ಸಾಮಾನ್ಯವಾಗಿ ಎಡದ್ದಕ್ಕಿಂತ ದೊಡ್ಡದು. ಮಿದುಳಿನ ಮೇಲ್ಭಾಗದಿಂದ ಇಳಿಯುವ ರಕ್ತದ ಹೆಚ್ಚಿನ ಪಾಲು ಬಲಕ್ಕೆ ತಿರುಗುವುದೇ ಇದಕ್ಕೆ ಕಾರಣ. ಇದನ್ನು ಅರಿಯದವರಿಗೆ ಆ ಹಿಗ್ಗುವಿಕೆ ಗಡ್ಡೆಯಂತೆ ಕಂಡೀತು.

ವೈವಿಧ್ಯವು ಅಪಾಯವಾಗುವ ಸಂದರ್ಭ

ಹಿಂದೆ ಕಪಾಲತಳದ ವೈವಿಧ್ಯವು ಅಂಗರಚನಾಶಾಸ್ತ್ರದ ಅಧ್ಯಾಪಕರ ಕುತೂಹಲಕ್ಕೆ ಮಾತ್ರ ಸೀಮಿತವಾಗಿತ್ತು. ಮೂಗಿನ ಮೂಲಕ ಎಂಡೊಸ್ಕೋಪನ್ನು ತೂರಿಸಿ ಸೈನಸುಗಳನ್ನೂ ಪಿಟ್ಯುಟರಿ ಗ್ರಂಥಿಯನ್ನೂ ತಲುಪುವ ಶಸ್ತ್ರಚಿಕಿತ್ಸೆಗಳು ರೂಢಿಗೆ ಬಂದ ಮೇಲೆ ಅದು ರೋಗಿಯ ಕಣ್ಣು ಮತ್ತು ಪ್ರಾಣಗಳ ಪ್ರಶ್ನೆಯಾಗಿ ಬದಲಾಯಿತು.

ಓನೋಡಿ ಕೋಶವನ್ನೇ ನೋಡಬಹುದು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಇದನ್ನು ವಿವರಿಸಿದ ಹಂಗೆರಿಯ ವೈದ್ಯ ಅಡಾಲ್ಫ್ ಓನೋಡಿಯವರ ಹೆಸರು ಇದಕ್ಕೆ ಬಂದಿದೆ. ಎಥ್ಮಾಯ್ಡಿನ ಕಟ್ಟಕಡೆಯ ಗಾಳಿಗೂಡು ಹಿಂದಕ್ಕೆ ಬೆಳೆದು ಸ್ಫೀನಾಯ್ಡ್ ಸೈನಸಿನ ಮೇಲೆ ಏರಿ ಕುಳಿತರೆ ದೃಷ್ಟಿನರವು ಸ್ಫೀನಾಯ್ಡಿನ ಬದಲು ಈ ಕೋಶದ ಗೋಡೆಗೆ ತಗುಲಿಕೊಂಡು ಸಾಗುತ್ತದೆ. ಎಥ್ಮಾಯ್ಡನ್ನು ತೆರೆಯುತ್ತಿರುವ ಶಸ್ತ್ರವೈದ್ಯನು ನರವು ಇನ್ನೂ ಹಿಂದಿದೆ ಎಂದು ಭಾವಿಸಿರುವಾಗಲೇ ಉಪಕರಣದ ತುದಿ ಅದರ ಪಕ್ಕದಲ್ಲಿರುತ್ತದೆ. ಅಲ್ಲಿ ಆಗುವ ಗಾಯದ ಫಲ ಶಾಶ್ವತ ಕುರುಡು. ಸ್ಫೀನಾಯ್ಡಿನೊಳಗಿನ ನಡುಗೋಡೆಯ ವಿಷಯವೂ ಇಂತಹುದೇ. ಪಠ್ಯಪುಸ್ತಕದ ಚಿತ್ರದಲ್ಲಿ ಅದು ಸರಿಯಾಗಿ ಮಧ್ಯದಲ್ಲಿರುತ್ತದೆ. ವಾಸ್ತವದಲ್ಲಿ ಅನೇಕರಲ್ಲಿ ಅದು ಓರೆಯಾಗಿ ಸಾಗಿ ಒಳ ಕ್ಯಾರೊಟಿಡ್ ಅಪಧಮನಿಯನ್ನು ಮುಚ್ಚಿರುವ ತೆಳುಮೂಳೆಗೆ ಸೇರುತ್ತದೆ. ಅಂತಹ ಗೋಡೆಯನ್ನು ಕತ್ತರಿಸದೆ ತಿರುಚಿ ಕಿತ್ತರೆ ಅಪಧಮನಿಯೇ ಹರಿಯಬಹುದು. 1975ರಲ್ಲಿ ರೆನ್ ಮತ್ತು ರೋಟನ್ ಎಂಬ ಅಮೆರಿಕದ ತಜ್ಞರು ಪಿಟ್ಯುಟರಿಯ ಸುತ್ತಲಿನ ಭಾಗದ 50 ಮಾದರಿಗಳನ್ನು ಸೂಕ್ಷ್ಮವಾಗಿ ಛೇದಿಸಿ ಪ್ರಕಟಿಸಿದ ಅಧ್ಯಯನದಲ್ಲಿ, ದೃಷ್ಟಿನರಕ್ಕೂ ಸೈನಸಿಗೂ ನಡುವೆ ಮೂಳೆಯೇ ಇಲ್ಲದೆ ಪೊರೆ ಮಾತ್ರ ಇದ್ದ ಉದಾಹರಣೆಗಳು ನೂರಕ್ಕೆ ನಾಲ್ಕರಷ್ಟಿದ್ದವು.

ಮೂಗಿನ ಛಾವಣಿಯ ಆಳವನ್ನು ಕುರಿತು ಕೇರೋಸ್ ಅವರು 1962ರಲ್ಲಿ ಮಾಡಿದ ವರ್ಗೀಕರಣ ಇಂದಿಗೂ ಬಳಕೆಯಲ್ಲಿದೆ. ಘ್ರಾಣನರದ ತಗ್ಗು 1ರಿಂದ 3 ಮಿ.ಮೀ. ಆಳವಿದ್ದರೆ ಮೊದಲನೆಯ ಬಗೆ, 4ರಿಂದ 7 ಇದ್ದರೆ ಎರಡನೆಯದು, 8ರಿಂದ 16 ಇದ್ದರೆ ಮೂರನೆಯದು. ತಗ್ಗು ಆಳವಾದಷ್ಟೂ ಅದರ ಪಕ್ಕದ ಕಾಗದದಂತಹ ಮೂಳೆ ಮೂಗಿನೊಳಕ್ಕೆ ಹೆಚ್ಚು ತೆರೆದುಕೊಂಡಿರುತ್ತದೆ. ಅದು ಒಡೆದರೆ ಮಿದುಳಿನ ಸುತ್ತಲಿನ ದ್ರವ ಮೂಗಿನಿಂದ ಸೋರಿ, ಮಿದುಳಿನ ಪೊರೆಗೆ ಸೋಂಕು ತಗಲುವ ದಾರಿಯಾಗುತ್ತದೆ.

ಮುಖದ ತ್ರಿಶಾಖಾ ನರದ ಅಸಹನೀಯ ನೋವಿಗೆ ಕೆನ್ನೆಯ ಮೂಲಕ ಸೂಜಿಯನ್ನು ಅಂಡಾಕಾರದ ರಂಧ್ರಕ್ಕೆ ತೂರಿಸಿ ನರಗಂಟನ್ನು ತಲುಪುವ ಚಿಕಿತ್ಸೆಯೊಂದಿದೆ. ಫೊರಾಮೆನ್ ಓವೇಲ್ ಎಂದು ಕರೆಯುವ ಈ ರಂಧ್ರದ ಉದ್ದ ಸುಮಾರು 7 ಮಿ.ಮೀ., ಅಗಲ ಸುಮಾರು 4 ಮಿ.ಮೀ. ಕೆಲವರಲ್ಲಿ ಸಮೀಪದ ಸ್ನಾಯುರಜ್ಜು ಮೂಳೆಯಾಗಿ ಗಟ್ಟಿಯಾಗಿ ಸೂಜಿಯ ದಾರಿಗೆ ಅಡ್ಡಗಟ್ಟುತ್ತದೆ. ಇನ್ನು ಕೆಲವರಲ್ಲಿ ಈ ರಂಧ್ರದ ಮುಂದೆ, ಒಳಬದಿಗೆ, ಇನ್ನೊಂದು ಸಣ್ಣ ರಂಧ್ರವಿರುತ್ತದೆ. 1543ರಲ್ಲಿ ಮಾನವಶರೀರದ ರಚನೆಯನ್ನು ಕುರಿತ ಮಹಾಗ್ರಂಥವನ್ನು ಪ್ರಕಟಿಸಿದ ವೆಸಾಲಿಯಸ್ ಅವರ ಹೆಸರನ್ನು ಹೊತ್ತ ಈ ರಂಧ್ರದಲ್ಲಿ ಒಂದು ಚಿಕ್ಕ ಅಭಿಧಮನಿ ಹಾದು, ದವಡೆಯ ಹಿಂಭಾಗದ ರಕ್ತಜಾಲವನ್ನು ಕಪಾಲದೊಳಗಿನ ಕ್ಯಾವರ್ನಸ್ ಸೈನಸಿಗೆ ಜೋಡಿಸುತ್ತದೆ. ತಪ್ಪಿದ ಸೂಜಿ ಅಲ್ಲಿ ರಕ್ತಸ್ರಾವವನ್ನು ಉಂಟುಮಾಡಬಹುದು, ಹಲ್ಲಿನ ಬುಡದ ಕೀವು ಆ ದಾರಿಯಾಗಿ ಮೇಲೇರಬಹುದು.

ಕ್ಯಾವರ್ನಸ್ ಸೈನಸನ್ನು ಪ್ರಸ್ತಾಪಿಸುವಾಗ ಸುಶ್ರುತಸಂಹಿತೆಯ ಶೃಂಗಾಟಕ ಮರ್ಮವನ್ನು ನೆನೆಯುವುದು ಆಯುರ್ವೇದ ವಿದ್ವಾಂಸರಲ್ಲಿ ರೂಢಿ. ಮೂಗು, ಕಿವಿ, ಕಣ್ಣು, ನಾಲಗೆಗಳನ್ನು ಪೋಷಿಸುವ ಸಿರೆಗಳು ಕೂಡುವ, ಗಾಯವಾದರೆ ಕೂಡಲೇ ಪ್ರಾಣಹಾನಿಯಾಗುವ ಸ್ಥಾನವೆಂದು ಅದರ ವರ್ಣನೆ. ಎರಡೂ ಒಂದೇ ಎಂದು ಕೆಲವರು ಸಾಧಿಸಿದ್ದಾರೆ. ವರ್ಣನೆಯ ಸಾಮ್ಯವನ್ನು ಒಪ್ಪಬಹುದಾದರೂ ಮಿಲಿಮೀಟರುಗಳ ಲೆಕ್ಕವನ್ನು ಆ ಪಠ್ಯದ ಮೇಲೆ ಹೇರುವುದು ಪಠ್ಯಕ್ಕೂ ನ್ಯಾಯವಲ್ಲ, ಶಸ್ತ್ರವೈದ್ಯನಿಗೂ ಉಪಯೋಗವಿಲ್ಲ.

ಕರ್ನಾಟಕಕ್ಕೆ ಈ ಎಲ್ಲ ವಿಚಾರಗಳ ತೀವ್ರತೆ ಅರಿವಾದದ್ದು 2021ರಲ್ಲಿ. ಕೋವಿಡ್‌ನ ಎರಡನೆಯ ಅಲೆಯ ಜೊತೆಯಲ್ಲಿ ಬಂದ ಕಪ್ಪು ಶಿಲೀಂಧ್ರ, ಅಂದರೆ ಮ್ಯೂಕರ್‌ಮೈಕೋಸಿಸ್ ರೋಗವನ್ನು ರಾಜ್ಯ ಸರ್ಕಾರವು ಆ ವರ್ಷದ ಮೇ ತಿಂಗಳಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿತು. ಮೂಗಿನಲ್ಲಿ ಆರಂಭವಾಗುವ ಈ ಸೋಂಕು ಮೇಲ್ದವಡೆಯ ಹಿಂದಿನ ಪುಟ್ಟ ಕುಳಿಯನ್ನು ಸೇರಿ, ಅಲ್ಲಿಂದ ಕೆಳಗಿನ ಸೀಳಿನ ಮೂಲಕ ಕಣ್ಣಿನ ಗೂಡಿಗೂ, ಫೊರಾಮೆನ್ ರೊಟಂಡಮ್ ಎಂಬ ದುಂಡುರಂಧ್ರದ ಮೂಲಕ ಕಪಾಲದೊಳಕ್ಕೂ ಹಬ್ಬಬಲ್ಲದು. ಪಕ್ಕದ ವಿಡಿಯನ್ ನಾಲೆಯೂ ಸೋಂಕಿಗೆ ದಾರಿ. ಈ ನಾಲೆಯು ಕೆಲವರಲ್ಲಿ ಗಟ್ಟಿಮೂಳೆಯಲ್ಲಿ ಹುದುಗಿದ್ದರೆ ಕೆಲವರಲ್ಲಿ ಸ್ಫೀನಾಯ್ಡ್ ಸೈನಸಿನೊಳಗೆ ತೊಟ್ಟಿನಂತೆ ಚಾಚಿಕೊಂಡಿರುತ್ತದೆ. ಎಷ್ಟು ಭಾಗವನ್ನು ಕೆರೆದು ತೆಗೆಯಬೇಕು, ಕಣ್ಣನ್ನು ಉಳಿಸಬಹುದೇ ಎಂಬ ತೀರ್ಮಾನಗಳನ್ನು ಅಂದು ಛೇದಚಿತ್ರಗಳನ್ನು ಎದುರಿಗಿಟ್ಟುಕೊಂಡೇ ಮಾಡಬೇಕಾಯಿತು.

ಒಣಬುರುಡೆಯ ಸಾಕ್ಷ್ಯ

ಕಪಾಲತಳದ ವೈವಿಧ್ಯವನ್ನು ಕುರಿತ ಹಳೆಯ ಜ್ಞಾನವೆಲ್ಲ ಬಹುಮಟ್ಟಿಗೆ ಒಣಬುರುಡೆಗಳಿಂದ ಬಂದದ್ದು. ಕರ್ನಾಟಕದ ವೈದ್ಯಕೀಯ ಕಾಲೇಜುಗಳಿಂದಲೂ ಇಂತಹ ಅಧ್ಯಯನಗಳು ವಿಪುಲವಾಗಿ ಪ್ರಕಟವಾಗಿವೆ. ಮಾಪಕವನ್ನು ಹಿಡಿದು ರಂಧ್ರದ ಉದ್ದಗಲಗಳನ್ನು ನೇರವಾಗಿ ಅಳೆಯಬಹುದು, ಕೂದಲೆಳೆಯನ್ನು ತೂರಿಸಿ ಅದು ಆರುಪಾರಾಗಿದೆಯೇ ಎಂದು ಪರೀಕ್ಷಿಸಬಹುದು. ಈ ನೇರತೆಯನ್ನು ಯಾವ ಯಂತ್ರವೂ ಸಂಪೂರ್ಣವಾಗಿ ಕೊಡಲಾರದು.

ಆದರೆ ಕಪಾಟಿನಲ್ಲಿರುವ ಬುರುಡೆಗೆ ಹೆಸರಿಲ್ಲ. ಅದು ಯಾವ ಊರಿನವರದು, ಎಷ್ಟು ವಯಸ್ಸಿನವರದು, ಹೆಣ್ಣಿನದೋ ಗಂಡಿನದೋ ಎಂಬುದು ಹೆಚ್ಚಿನ ವೇಳೆ ದಾಖಲಾಗಿರುವುದಿಲ್ಲ. ಅನಾಥ ಶವಗಳನ್ನು ಬೋಧನೆಗಾಗಿ ವೈದ್ಯಕೀಯ ಸಂಸ್ಥೆಗಳಿಗೆ ಒಪ್ಪಿಸಲು 1957ರ ಕರ್ನಾಟಕ ಅಂಗರಚನಾ ಕಾಯಿದೆ ಅವಕಾಶ ಕೊಟ್ಟಿದೆ. ಹಕ್ಕು ಕೇಳುವವರಿಲ್ಲದವರ ದೇಹಗಳೇ ಸಂಗ್ರಹದ ಮೂಲವಾದಾಗ ಅವು ಇಡೀ ಜನಸಮುದಾಯವನ್ನು ಪ್ರತಿನಿಧಿಸುತ್ತವೆ ಎನ್ನಲಾಗದು. ವಿದೇಶಗಳ ಸಂಗ್ರಹಗಳ ಕಥೆ ಇನ್ನೂ ವಿಚಿತ್ರ. 1985ರಲ್ಲಿ ಭಾರತ ಸರ್ಕಾರ ಮಾನವ ಅಸ್ಥಿಗಳ ರಫ್ತನ್ನು ನಿಷೇಧಿಸುವವರೆಗೆ ಪಾಶ್ಚಾತ್ಯ ದೇಶಗಳ ವೈದ್ಯಕೀಯ ಕಾಲೇಜುಗಳಿಗೆ ಅಸ್ಥಿಪಂಜರಗಳನ್ನು ಒದಗಿಸುವ ದೊಡ್ಡ ವ್ಯಾಪಾರ ಕಲ್ಕತ್ತೆಯನ್ನು ಕೇಂದ್ರವಾಗಿಟ್ಟುಕೊಂಡು ನಡೆದಿತ್ತು. ಹೀಗಿರುವಾಗ ಮೂಲವನ್ನು ತಿಳಿಸದ ಸಂಗ್ರಹವೊಂದರ ಅಳತೆಗಳನ್ನು ‘ಪಾಶ್ಚಾತ್ಯರ ಅಳತೆ’ ಎಂದು ಒಂದು ಬದಿಗೂ, ಇಲ್ಲಿನ ಕಾಲೇಜಿನ ಅಳತೆಗಳನ್ನು ‘ಭಾರತೀಯರ ಅಳತೆ’ ಎಂದು ಇನ್ನೊಂದು ಬದಿಗೂ ಇಟ್ಟು ತೂಗುವ ಪ್ರಬಂಧಗಳು ತಾವು ಹೋಲಿಸುತ್ತಿರುವುದು ಯಾರನ್ನು ಎಂಬುದನ್ನು ಮೊದಲು ವಿಚಾರಿಸಿಕೊಳ್ಳಬೇಕಾಗಿದೆ.

ಇದಲ್ಲದೆ, ಬೇಯಿಸಿ ಶುದ್ಧಿಗೊಳಿಸುವಾಗ ಹಾಗೂ ವರ್ಷಗಟ್ಟಲೆ ವಿದ್ಯಾರ್ಥಿಗಳ ಕೈಯಲ್ಲಿ ತಿರುಗುವಾಗ ಕಾಗದದಂತಹ ಮೂಳೆಗಳು ಮುರಿಯುತ್ತವೆ. ಮುರಿದ ತೂತು ಹುಟ್ಟಿನಿಂದ ಬಂದ ರಂಧ್ರವೆಂದು ಲೆಕ್ಕಕ್ಕೆ ಸೇರುವ ಸಂಭವವಿದೆ.

ಛೇದಚಿತ್ರ ಮಾಡುವುದೇನು

ಹೌನ್ಸ್‌ಫೀಲ್ಡ್ ಅವರು ರೂಪಿಸಿದ ಯಂತ್ರದಿಂದ ಮೊದಲ ರೋಗಿಯ ಮಿದುಳಿನ ಚಿತ್ರವನ್ನು ತೆಗೆದದ್ದು 1971ರ ಅಕ್ಟೋಬರ್ 1ರಂದು, ಲಂಡನ್ನಿನ ಆಟ್ಕಿನ್ಸನ್ ಮೋರ್ಲಿ ಆಸ್ಪತ್ರೆಯಲ್ಲಿ. ಅವರು ದುಡಿಯುತ್ತಿದ್ದ ಇ.ಎಂ.ಐ. ಸಂಸ್ಥೆ ಕನ್ನಡಿಗರಿಗೆ ಗ್ರಾಮಫೋನ್ ತಟ್ಟೆಗಳ ಮೂಲಕ ಪರಿಚಿತವಾದುದೇ. ಈ ತಂತ್ರದ ಗಣಿತವನ್ನು ಸ್ವತಂತ್ರವಾಗಿ ಬಿಡಿಸಿದ್ದ ಕಾರ್ಮ್ಯಾಕ್ ಅವರೊಡನೆ ಹೌನ್ಸ್‌ಫೀಲ್ಡ್ 1979ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು.

ತತ್ತ್ವ ಸರಳವಾಗಿದೆ. ಸಾಮಾನ್ಯ ಕ್ಷ-ಕಿರಣ ಚಿತ್ರದಲ್ಲಿ ಮುಂದಿನ ಮೂಳೆಯ ನೆರಳು ಹಿಂದಿನ ಮೂಳೆಯ ನೆರಳಿನ ಮೇಲೆ ಬಿದ್ದು ಕಪಾಲತಳವು ಗೋಜಲಾಗಿ ತೋರುತ್ತದೆ. ಸಿ.ಟಿ.ಯಲ್ಲಿ ಕಿರಣದ ಮೂಲವು ತಲೆಯ ಸುತ್ತ ತಿರುಗುತ್ತದೆ. ನೂರಾರು ದಿಕ್ಕುಗಳಿಂದ ಹಾಯ್ದ ಕಿರಣ ಎಷ್ಟು ಕುಗ್ಗಿತು ಎಂಬುದನ್ನು ಅಳೆದು, ಒಳಗಿನ ಪ್ರತಿಯೊಂದು ಪುಟ್ಟ ಘನದ ಸಾಂದ್ರತೆಯನ್ನು ಗಣಕಯಂತ್ರ ಲೆಕ್ಕಹಾಕುತ್ತದೆ. ಹೌನ್ಸ್‌ಫೀಲ್ಡ್ ಮಾನದಲ್ಲಿ ನೀರಿಗೆ ಸೊನ್ನೆ, ಗಾಳಿಗೆ ಋಣ 1000, ಗಟ್ಟಿಮೂಳೆಗೆ ಧನ 1000 ಅಥವಾ ಅದಕ್ಕೂ ಹೆಚ್ಚು. ಮೊದಲ ಯಂತ್ರದ ಚಿತ್ರದಲ್ಲಿ ಅಡ್ಡಕ್ಕೆ 80, ಉದ್ದಕ್ಕೆ 80 ಬಿಂದುಗಳಿದ್ದವು, ಹೋಳಿನ ದಪ್ಪ ಒಂದು ಸೆಂಟಿಮೀಟರಿಗೂ ಮೀರಿತ್ತು. ಅದರಲ್ಲಿ ವೆಸಾಲಿಯಸ್ ರಂಧ್ರವನ್ನು ಹುಡುಕುವುದು ಗೋಣಿಚೀಲದ ನೇಯ್ಗೆಯಲ್ಲಿ ಸೂಜಿಯ ಗುರುತನ್ನು ಹುಡುಕಿದಂತೆ. 1989ರ ಸುಮಾರಿಗೆ ಸುರುಳಿ ಮಾದರಿಯ ಯಂತ್ರಗಳು, 1998ರಲ್ಲಿ ಏಕಕಾಲಕ್ಕೆ ನಾಲ್ಕು ಹೋಳುಗಳನ್ನು ತೆಗೆಯುವ ಯಂತ್ರಗಳು ಬಂದ ಮೇಲೆ ಪರಿಸ್ಥಿತಿ ಬದಲಾಯಿತು. ಅರ್ಧ ಮಿಲಿಮೀಟರಿನ ಆಸುಪಾಸಿನ ಹೋಳುಗಳನ್ನು ಕೆಲವೇ ಸೆಕೆಂಡುಗಳಲ್ಲಿ ಪಡೆದು, ಅವುಗಳನ್ನು ಯಾವ ಸಮತಲದಲ್ಲಿ ಬೇಕಾದರೂ ಮರುಜೋಡಿಸಿ ನೋಡುವುದು ಈಗ ಸಾಮಾನ್ಯ ಸಂಗತಿ.

ಇದರಿಂದಾಗಿ ಜೀವಂತ ವ್ಯಕ್ತಿಯ ಕಪಾಲತಳವು ಮುರಿಯದೆ, ನರ ಮತ್ತು ಗಾಳಿಗೂಡುಗಳ ಸಂಬಂಧ ಕೆಡದೆ, ವಯಸ್ಸು ಮತ್ತು ಲಿಂಗದ ದಾಖಲೆಯೊಡನೆ ಅಧ್ಯಯನಕ್ಕೆ ದೊರೆಯುತ್ತದೆ.

ಅಂಕಿಗಳು ಹೊಂದದಿರುವುದೇಕೆ

ಇಷ್ಟಾದರೂ ಸಿ.ಟಿ. ಅಧ್ಯಯನಗಳ ಅಂಕಿಗಳು ಒಂದಕ್ಕೊಂದು ಹೊಂದುವುದಿಲ್ಲ. ವೆಸಾಲಿಯಸ್ ರಂಧ್ರವು ಕಾಲುಭಾಗಕ್ಕಿಂತ ಕಡಿಮೆ ಜನರಲ್ಲಿದೆ ಎನ್ನುವ ವರದಿಗಳಂತೆಯೇ ಮುಕ್ಕಾಲು ಜನರಲ್ಲಿದೆ ಎನ್ನುವ ವರದಿಗಳೂ ಇವೆ. ಓನೋಡಿ ಕೋಶವು ಹಳೆಯ ಸಿ.ಟಿ. ಅಧ್ಯಯನಗಳಲ್ಲಿ ನೂರಕ್ಕೆ ಹತ್ತರ ಆಸುಪಾಸಿನಲ್ಲಿ ಕಂಡರೆ ಶವಛೇದನದ ಕೆಲವು ಅಧ್ಯಯನಗಳಲ್ಲಿ ಅದರ ಹಲವು ಪಟ್ಟು ಕಂಡಿದೆ. ಇಷ್ಟು ಅಂತರವನ್ನು ಜನಾಂಗಭೇದದ ತಲೆಗೆ ಕಟ್ಟುವುದು ಸುಲಭ, ಮತ್ತು ಬಹಳಷ್ಟು ಪ್ರಬಂಧಗಳು ಮಾಡುವುದೂ ಅದನ್ನೇ. ಅಂತರದ ಬಹುಪಾಲು ಹುಟ್ಟುವುದು ವಿಧಾನದಲ್ಲಿ.

ಮೊದಲನೆಯದು ಹೋಳಿನ ದಪ್ಪ. ಒಂದು ಮಿಲಿಮೀಟರು ಅಗಲದ ರಂಧ್ರವು ಮೂರು ಮಿಲಿಮೀಟರಿನ ಹೋಳಿನಲ್ಲಿ ಕರಗಿಹೋಗುತ್ತದೆ. ದಪ್ಪ ಹೋಳುಗಳನ್ನು ನೋಡಿದ ಅಧ್ಯಯನಕ್ಕೆ ರಂಧ್ರ ಅಪರೂಪವಾಗಿ ತೋರುತ್ತದೆ. ತೆಳುಮೂಳೆಯಲ್ಲಿ ಇದಕ್ಕೆ ವಿರುದ್ಧವಾದ ದೋಷ ಸಂಭವಿಸುತ್ತದೆ. ಎರಡೂ ಬದಿ ಗಾಳಿಯಿರುವ, 0.1 ಮಿ.ಮೀ. ದಪ್ಪದ ಮೂಳೆಯೊಂದು 0.5 ಮಿ.ಮೀ. ಘನದೊಳಗೆ ಇದೆಯೆಂದು ಭಾವಿಸಿದರೆ ಘನದ ಐದನೆಯ ಒಂದು ಭಾಗ ಮೂಳೆ, ಉಳಿದದ್ದು ಗಾಳಿ. ಯಂತ್ರ ದಾಖಲಿಸುವುದು ಎರಡರ ಸರಾಸರಿಯನ್ನು, ಅಂದರೆ ಸುಮಾರು ಋಣ 600ನ್ನು. ಮೂಳೆ ಇದ್ದರೂ ಸಂಖ್ಯೆ ಗಾಳಿಯ ಕಡೆಗೇ ವಾಲುತ್ತದೆ. ಮೂರು ಆಯಾಮದ ಸುಂದರ ಚಿತ್ರವನ್ನು ರಚಿಸುವ ತಂತ್ರಾಂಶವು ಇಂತಿಷ್ಟು ಸಂಖ್ಯೆಗಿಂತ ಕೆಳಗಿನದು ಮೂಳೆಯಲ್ಲ ಎಂದು ತೀರ್ಮಾನಿಸಿ ಅಲ್ಲಿ ತೂತನ್ನು ತೋರಿಸುತ್ತದೆ. ಆದ್ದರಿಂದ ಅಪಧಮನಿಯ ಮೇಲೆ ಮೂಳೆಯಿಲ್ಲ ಎಂಬ ತೀರ್ಮಾನವನ್ನು ಮೂರು ಆಯಾಮದ ಚಿತ್ರವೊಂದರಿಂದಲೇ ಮಾಡಬಾರದು. ಮೂಲ ಹೋಳುಗಳನ್ನು ಕನಿಷ್ಠ ಎರಡು ಸಮತಲಗಳಲ್ಲಿ ಪರಿಶೀಲಿಸಬೇಕು. ಓನೋಡಿ ಕೋಶವನ್ನು ಗುರುತಿಸಲು ಮುಖಕ್ಕೆ ಸಮಾನಾಂತರವಾದ ಹೋಳಿನಲ್ಲಿ ಸ್ಫೀನಾಯ್ಡಿನೊಳಗೆ ಅಡ್ಡಗೋಡೆ ಕಾಣುತ್ತದೆಯೇ ಎಂದು ನೋಡುವ ಸೂತ್ರ ಉಪಯುಕ್ತ. ಹಳೆಯ ಅಧ್ಯಯನಗಳು ಒಂದೇ ಸಮತಲವನ್ನು ನಂಬಿದ್ದು ಅವುಗಳ ಕಡಿಮೆ ಸಂಖ್ಯೆಗೆ ಒಂದು ಕಾರಣವಾಗಿರಬೇಕು.

ಎಣಿಕೆಯ ಘಟಕ ಇನ್ನೊಂದು ತೊಡಕು. ನೂರು ಜನರನ್ನು ನೋಡಿದಾಗ ಇಪ್ಪತ್ತು ಮಂದಿಯಲ್ಲಿ ಎರಡೂ ಬದಿ, ಇನ್ನಿಪ್ಪತ್ತು ಮಂದಿಯಲ್ಲಿ ಒಂದೇ ಬದಿ ರಂಧ್ರವಿದೆ ಎನ್ನೋಣ. ವ್ಯಕ್ತಿಗಳ ಲೆಕ್ಕದಲ್ಲಿ ಇದು ನೂರಕ್ಕೆ ನಲವತ್ತು. ಬದಿಗಳ ಲೆಕ್ಕದಲ್ಲಿ ಇನ್ನೂರರಲ್ಲಿ ಅರವತ್ತು, ಅಂದರೆ ನೂರಕ್ಕೆ ಮೂವತ್ತು. ಎರಡೂ ಸರಿ. ಯಾವುದು ಎಂದು ಹೇಳದ ಪ್ರಬಂಧದಿಂದ ಪ್ರಯೋಜನವಿಲ್ಲ. ಹಾಗೆಯೇ, ನೂರು ಜನರಲ್ಲಿ ಒಂದು ವೈವಿಧ್ಯ ಒಮ್ಮೆಯೂ ಕಾಣಲಿಲ್ಲವೆಂದರೆ ಆ ಸಮುದಾಯದಲ್ಲಿ ಅದು ಇಲ್ಲವೆಂದು ಅರ್ಥವಲ್ಲ. ಸಂಖ್ಯಾಶಾಸ್ತ್ರದ ಪ್ರಕಾರ ಅದು ನೂರಕ್ಕೆ ಮೂರರವರೆಗೂ ಇರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು. ಅಪರೂಪದ ಅಪಾಯಗಳ ವಿಷಯದಲ್ಲಿ ಈ ಮೂರು ಬಹಳ ದೊಡ್ಡ ಸಂಖ್ಯೆ.

ಯಾರ ತಲೆಯನ್ನು ನೋಡಲಾಯಿತು ಎಂಬುದು ಕೊನೆಯ, ಬಹುಶಃ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಆರೋಗ್ಯವಂತರು ಸಿ.ಟಿ. ಯಂತ್ರದ ಬಳಿಗೆ ಬರುವುದಿಲ್ಲ. ಸೈನಸ್ ರೋಗಕ್ಕಾಗಿ ಬಂದವರನ್ನು ಆರಿಸಿಕೊಂಡರೆ ಗಾಳಿಗೂಡಿನ ಆಕಾರವೇ ರೋಗಕ್ಕೆ ಕಾರಣವಾಗಿರಬಹುದು ಅಥವಾ ರೋಗವೇ ಗಾಳಿಗೂಡಿನ ಆಕಾರವನ್ನು ಮಾರ್ಪಡಿಸಿರಬಹುದು. ಅಪಘಾತದ ತಲೆಪೆಟ್ಟಿನವರನ್ನು ಆರಿಸಿಕೊಂಡರೆ ಈ ತೊಡಕಿಲ್ಲವಾದರೂ ಅವರಲ್ಲಿ ತರುಣ ಗಂಡಸರ ಸಂಖ್ಯೆ ಹೆಚ್ಚಿರುತ್ತದೆ.

ಹಾಸನದ ನೆಲೆ

ಈ ಪ್ರಶ್ನೆಗಳನ್ನು ಹಾಸನದಂತಹ ಜಿಲ್ಲೆಯ ಸಂದರ್ಭದಲ್ಲಿಟ್ಟು ನೋಡಿದಾಗ ಅವುಗಳ ಪ್ರಾಯೋಗಿಕ ಮುಖ ಗೋಚರಿಸುತ್ತದೆ. 2006ರಲ್ಲಿ ಆರಂಭವಾದ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಮತ್ತು ಅದಕ್ಕೆ ಹೊಂದಿಕೊಂಡ ಶ್ರೀ ಚಾಮರಾಜೇಂದ್ರ ಆಸ್ಪತ್ರೆಗೆ ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಕಡೆಯಿಂದ ಮೂವತ್ತು ನಲವತ್ತು ಕಿಲೋಮೀಟರು ಪಯಣಿಸಿ ರೋಗಿಗಳು ಬರುತ್ತಾರೆ. ಬೆಂಗಳೂರು-ಮಂಗಳೂರು ಹೆದ್ದಾರಿ ನಗರಕ್ಕೆ ತಗುಲಿಕೊಂಡೇ ಸಾಗುವುದರಿಂದ ಅಪಘಾತದ ತಲೆಪೆಟ್ಟಿನ ಪ್ರಕರಣಗಳಿಗೂ ಕೊರತೆಯಿಲ್ಲ. ಇದೇ ಊರಿನ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಕಾಲೇಜಿನಲ್ಲಿ ಶಾರೀರ ಒಂದು ಪಾಠ್ಯವಿಷಯವಾಗಿದ್ದು, ಅಂಗರಚನೆಯ ಎರಡು ಪರಂಪರೆಗಳ ಅಧ್ಯಯನ ಒಂದೇ ನಗರದಲ್ಲಿ ನಡೆದಿದೆ.

ಕಪಾಲತಳದ ಕ್ಲಿಷ್ಟ ಶಸ್ತ್ರಚಿಕಿತ್ಸೆಗಾಗಿ ಬೆಂಗಳೂರು, ಮೈಸೂರು ಅಥವಾ ಮಂಗಳೂರಿಗೆ ಹೋಗುವುದು ಈ ಭಾಗದ ಜನರ ರೂಢಿ. ಹೀಗೆ ಚಿತ್ರ ತೆಗೆಯುವ ಊರು ಒಂದು, ಶಸ್ತ್ರಕ್ರಿಯೆ ನಡೆಯುವ ಊರು ಇನ್ನೊಂದಾದಾಗ ನಡುವೆ ಪಯಣಿಸುವುದು ರೋಗಿಯ ಕೈಯಲ್ಲಿರುವ ಲಕೋಟೆ. ಅದರೊಳಗಿನ ಫಿಲ್ಮ್ ಹಾಳೆಗಳಲ್ಲಿ ಇರುವುದು ನೂರಾರು ಹೋಳುಗಳಲ್ಲಿ ಆಯ್ದ ಕೆಲವು ಮಾತ್ರ. ಓನೋಡಿ ಕೋಶವಿದೆ, ಛಾವಣಿ ಕೇರೋಸ್ ಮೂರನೆಯ ಬಗೆಯದು, ನಡುಗೋಡೆ ಬಲ ಅಪಧಮನಿಗೆ ಸೇರಿದೆ ಎಂಬ ಒಂದೆರಡು ಸಾಲುಗಳು ವರದಿಯಲ್ಲಿದ್ದರೆ ಅವು ದೂರದ ಊರಿನ ಶಸ್ತ್ರವೈದ್ಯನನ್ನು ಎಚ್ಚರಿಸಬಲ್ಲವು. ಸೈನಸ್ ಉರಿಯೂತವಿದೆ ಎಂದಷ್ಟೇ ಬರೆದ ವರದಿ ತಪ್ಪಲ್ಲ, ಆದರೆ ಸಾಲದು. ಸ್ಥಳೀಯವಾಗಿ ಯಾವ ವೈವಿಧ್ಯಗಳು ಎಷ್ಟು ಸಾಮಾನ್ಯ ಎಂಬ ಅರಿವಿದ್ದಲ್ಲಿ ವರದಿ ಬರೆಯುವವರು ಅವುಗಳನ್ನು ಹುಡುಕಿ ನೋಡುತ್ತಾರೆ. ಜಿಲ್ಲಾಮಟ್ಟದ ಅಧ್ಯಯನದ ಮೊದಲ ಪ್ರಯೋಜನ ಇದು.

ಅಂತಹ ಅಧ್ಯಯನಕ್ಕಾಗಿ ಯಾರನ್ನೂ ಹೊಸದಾಗಿ ಯಂತ್ರದೊಳಗೆ ಮಲಗಿಸಬೇಕಾಗಿಲ್ಲ, ಮಲಗಿಸಲೂ ಬಾರದು. ತಲೆಯ ಒಂದು ಸಿ.ಟಿ.ಯಿಂದ ತಗಲುವ ವಿಕಿರಣ ಸುಮಾರು 2 ಮಿಲಿಸೀವರ್ಟ್, ಅಂದರೆ ನಿಸರ್ಗದಿಂದ ಒಂದು ವರ್ಷದಲ್ಲಿ ಬರುವಷ್ಟರ ಹತ್ತಿರ. ರೋಗನಿದಾನಕ್ಕೆ ಇದು ಸಮರ್ಥನೀಯ, ಅಳತೆಯ ಕುತೂಹಲಕ್ಕಲ್ಲ. ಬೇರೆ ಕಾರಣಗಳಿಗಾಗಿ ಈಗಾಗಲೇ ತೆಗೆದ ಚಿತ್ರಗಳನ್ನು ನೈತಿಕ ಸಮಿತಿಯ ಒಪ್ಪಿಗೆಯೊಡನೆ ಮರುಪರಿಶೀಲಿಸಿದರೆ ಸಾಕು. ಆದರೆ ಇಲ್ಲೊಂದು ಅಡಚಣೆಯಿದೆ. ತಲೆಪೆಟ್ಟಿನ ರೋಗಿಯ ಮಿದುಳನ್ನು ನೋಡಲು 5 ಮಿಲಿಮೀಟರಿನ ಹೋಳುಗಳು ಸಾಕಾಗುವುದರಿಂದ ಅನೇಕ ಕಡೆ ಅವನ್ನಷ್ಟೇ ಕಾಯ್ದಿಡಲಾಗುತ್ತದೆ. ಯಂತ್ರ ಪಡೆದ ತೆಳುಹೋಳುಗಳ ಮೂಲದತ್ತಾಂಶ ಜಾಗದ ಅಭಾವದಿಂದ ಕೆಲವು ದಿನಗಳಲ್ಲಿ ಅಳಿಸಿಹೋಗುತ್ತದೆ. ವರ್ಷದ ನಂತರ ಪ್ರಬಂಧದ ವಿಷಯವನ್ನು ಆರಿಸಿಕೊಳ್ಳುವ ಸ್ನಾತಕೋತ್ತರ ವಿದ್ಯಾರ್ಥಿಗೆ ಸಿಗುವುದು ಉಪಯೋಗಕ್ಕೆ ಬಾರದ ದಪ್ಪ ಹೋಳುಗಳ ರಾಶಿ. ಮೂಳೆಗೆ ತಕ್ಕ ತೆಳುಹೋಳುಗಳನ್ನೂ ಉಳಿಸುವ ಕ್ರಮವನ್ನು ವಿಕಿರಣ ವಿಭಾಗ ಮೊದಲೇ ಇಟ್ಟುಕೊಂಡರೆ ಇದು ತಪ್ಪುತ್ತದೆ. 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ರಾಜ್ಯದ ನಾನಾ ಕಾಲೇಜುಗಳ ವಿದ್ಯಾರ್ಥಿಗಳು ಪ್ರಬಂಧಗಳನ್ನು ಸಿದ್ಧಪಡಿಸುತ್ತಾರೆ. ಅವೆಲ್ಲವೂ ಒಂದೇ ಸಮತಲದಲ್ಲಿ, ಒಂದೇ ದಪ್ಪದ ಹೋಳುಗಳಲ್ಲಿ ಅಳೆದು ವ್ಯಕ್ತಿ ಮತ್ತು ಬದಿ ಎರಡರ ಲೆಕ್ಕವನ್ನೂ ಕೊಟ್ಟರೆ ಹಾಸನದ ಇನ್ನೂರು, ಕಲಬುರಗಿಯ ಇನ್ನೂರು, ಮಂಗಳೂರಿನ ಇನ್ನೂರು ಸೇರಿ ಒಂದು ಅರ್ಥವಾಗುವ ಚಿತ್ರ ಮೂಡೀತು. ಅಳತೆಗೆ ತಲೆಯನ್ನು ಇಡುವ ಸಮತಲದ ಬಗ್ಗೆ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಫ್ರಾಂಕ್‌ಫರ್ಟಿನಲ್ಲಿ ಒಮ್ಮತಕ್ಕೆ ಬಂದಿದ್ದರು. ಹೋಳಿನ ದಪ್ಪದ ಬಗ್ಗೆ ಅಂತಹ ಒಪ್ಪಂದ ಅಸಾಧ್ಯವೇನಲ್ಲ.

ತಲೆಯನ್ನು ಅಳೆಯುವ ಕೆಲಸಕ್ಕೆ ಈ ನಾಡಿನಲ್ಲಿ ಇನ್ನೊಂದು ಚರಿತ್ರೆಯೂ ಇದೆ. ಥರ್ಸ್ಟನ್ ಅವರು 1909ರಲ್ಲಿ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಸಂಪುಟಗಳನ್ನು ಹೊರತಂದಾಗ, ಮುಂದೆ 1928ರಿಂದ ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್ ಅವರ ಮೈಸೂರಿನ ಜಾತಿ-ಬುಡಕಟ್ಟುಗಳ ಸಂಪುಟಗಳು ಪ್ರಕಟವಾದಾಗ, ತಲೆ ಮತ್ತು ಮೂಗಿನ ಅಳತೆಗಳಿಂದ ಜನರನ್ನು ವರ್ಗೀಕರಿಸಬಹುದೆಂಬ ನಂಬಿಕೆ ಪ್ರಬಲವಾಗಿತ್ತು. ಸಿ.ಟಿ. ಅಧ್ಯಯನದ ಕೋಷ್ಟಕಕ್ಕೆ ಜಾತಿಯ ಕಂಬವನ್ನು ಸೇರಿಸುವ ಪ್ರಲೋಭನೆ ಆ ನಂಬಿಕೆಯ ಪಳೆಯುಳಿಕೆ. ಶಸ್ತ್ರವೈದ್ಯನಿಗೆ ಬೇಕಾದದ್ದು ಸಮುದಾಯದ ಸರಾಸರಿಯಲ್ಲ, ಎದುರಿಗೆ ಮಲಗಿರುವ ವ್ಯಕ್ತಿಯ ರಚನೆ ಎಷ್ಟು ದೂರ ಸರಿದಿರಬಹುದು ಎಂಬ ವ್ಯಾಪ್ತಿ. ಒಬ್ಬನ ಎಡಬಲಗಳ ನಡುವೆಯೇ ಕಾಣುವ ಅಂತರವು ಎರಡು ಸಮುದಾಯಗಳ ಸರಾಸರಿಗಳ ಅಂತರವನ್ನು ಮೀರಬಹುದೆಂಬುದನ್ನು ನೆನಪಿಟ್ಟರೆ ಆ ಕಂಬದ ವ್ಯರ್ಥತೆ ತಾನಾಗಿ ತಿಳಿಯುತ್ತದೆ.

ಒಣಬುರುಡೆಗೆ ಹೆಸರಿಲ್ಲದ್ದು ಕೊರತೆಯಾದರೆ ಸಿ.ಟಿ. ಚಿತ್ರಕ್ಕೆ ಹೆಸರು ಅಂಟಿಕೊಂಡಿರುವುದು ಬೇರೊಂದು ಸಮಸ್ಯೆ. ಪ್ರತಿಯೊಂದು ಕಡತದ ಒಳಗೆ ರೋಗಿಯ ಹೆಸರು, ವಯಸ್ಸು ಮತ್ತು ದಿನಾಂಕ ಅಡಕವಾಗಿರುತ್ತವೆ. ಅಧ್ಯಯನಕ್ಕೆ ಒಯ್ಯುವ ಮೊದಲು ಇವನ್ನು ತೆಗೆದು, ವಯಸ್ಸು ಮತ್ತು ಲಿಂಗವನ್ನು ಮಾತ್ರ ಸಂಕೇತಸಂಖ್ಯೆಯೊಡನೆ ಉಳಿಸಿಕೊಳ್ಳಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರಲ್ಲಿ ಹೊರಡಿಸಿದ ನೈತಿಕ ಮಾರ್ಗಸೂಚಿಗಳಲ್ಲಿ, ಗುರುತನ್ನು ಅಳಿಸಿದ ಹಳೆಯ ದಾಖಲೆಗಳ ಅಧ್ಯಯನಕ್ಕೆ ರೋಗಿಯ ಸಮ್ಮತಿಯಿಂದ ವಿನಾಯಿತಿ ನೀಡುವ ಅಧಿಕಾರವನ್ನು ನೈತಿಕ ಸಮಿತಿಗೆ ಕೊಡಲಾಗಿದೆ. ಆದರೆ ಹೆಸರನ್ನು ಅಳಿಸಿದರೂ ತಲೆಯ ತೆಳುಹೋಳುಗಳನ್ನು ಚರ್ಮದ ಮಟ್ಟದಲ್ಲಿ ಮರುಜೋಡಿಸಿದರೆ ಪರದೆಯ ಮೇಲೆ ಮುಖವೇ ಮೂಡುತ್ತದೆ. ಮಹಾನಗರದಲ್ಲಿ ಆ ಮುಖ ಯಾರದೆಂದು ತಿಳಿಯದಿರಬಹುದು, ಹೊಳೆನರಸೀಪುರದಂತಹ ಊರಿನಲ್ಲಿ ಗುರುತು ಹಿಡಿಯುವವರು ಇದ್ದೇ ಇರುತ್ತಾರೆ. ಕಪಾಲತಳದ ಅಳತೆಗೆ ಹಣೆ, ಮೂಗಿನ ತುದಿ, ಗಲ್ಲಗಳ ಅಗತ್ಯವಿಲ್ಲ. ಆ ಭಾಗವನ್ನು ಕತ್ತರಿಸಿ ತೆಗೆದು, ಉಳಿದ ಹೋಳುಗಳನ್ನಷ್ಟೇ ಅಧ್ಯಯನದ ಗಣಕಕ್ಕೆ ವರ್ಗಾಯಿಸುವುದು ಕೆಲವು ನಿಮಿಷಗಳ ಕೆಲಸ. ಅದನ್ನು ಮಾಡಬೇಕಾದದ್ದು ಚಿತ್ರವು ಆಸ್ಪತ್ರೆಯ ವಿಕಿರಣ ವಿಭಾಗದಿಂದ ಹೊರಬೀಳುವ ಮೊದಲು.